ಪ್ರತಿ: ಹೊಸ ಕನ್ನಡಕ ಹಾಕಿ ತಲೆ ತಿರುಗಿಸಿದರೆ ಎದುರಿನದೆಲ್ಲ ಜಾರುತ್ತದೆ, ಯಾಕೆ?

ತಲೆ ತಿರುಗಿಸಿದಾಗ ಮಾತ್ರ ಜಾರುತ್ತದೆ ಅಂದರೆ, ಬಹುಶಃ ಮಿದುಳು ಇನ್ನೂ ಹಳೇ ಕನ್ನಡಕದ ಲೆಕ್ಕದಲ್ಲೇ ಇದೆ. ತಲೆ ಬಲಕ್ಕೆ ಹೋದರೆ ಒಳಕಿವಿಯ ಸುಳಿವು ಹಿಡಿದು ಮಿದುಳುಕಾಂಡ ಸುಮಾರು 10 ಮಿಲಿಸೆಕೆಂಡಿನಲ್ಲೇ ನೋಟ ಜಾರದಿರಲಿ ಅಂತ ಕಣ್ಣನ್ನು ತಕ್ಕಷ್ಟು ಎಡಕ್ಕೆ ಹೊರಳಿಸುತ್ತದೆ. ಪವರ್ ಬದಲಾದರೆ ಆ ಅಳತೆ ತಪ್ಪುತ್ತದೆ. ಅದನ್ನು ತಿದ್ದೋದು ಕಿರುಮಿದುಳು, ಅದೂ ತಪ್ಪು ಕಂಡರೆ ಮಾತ್ರ.

ಹಾಗಾಗಿ ಮೊದಲು ಹಳೇದನ್ನು ಎತ್ತಿಡಿ. ಅದಲುಬದಲು ಮಾಡಿದರೆ ಸುಮ್ನೆ ತಡ. ಆಮೇಲೆ ಕೂತು, ಗೋಡೆ ಮೇಲಿನ ಒಂದು ಅಕ್ಷರವನ್ನೇ ನೋಡುತ್ತಾ ತಲೆಯನ್ನು ‘ಇಲ್ಲ’ ಅನ್ನುವ ಹಾಗೆ ಆಡಿಸಿ. ಅಕ್ಷರ ಮಸುಕಾಗದಷ್ಟು ವೇಗ ಸಾಕು, ಒಂದು ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ. ವಾಕರಿಕೆ ಬಂದರೆ ನಿಲ್ಲಿಸಿ. ಮೆಟ್ಟಿಲು ಇಳಿಯುವಾಗ ಜೋಪಾನ.

ಎರಡು ವಾರವಾದರೂ ಕಡಿಮೆಯಾಗದಿದ್ದರೆ ಲೆನ್ಸಿನ ನಡುಬಿಂದು ಕಣ್ಣಪಾಪೆಗೆ ಸರಿಯಾಗಿ ಕೂತಿದೆಯಾ ಅಂತ ಅಳೆಸಿ. ಕನ್ನಡಕ ತೆಗೆದರೂ ಜಾರಿದರೆ, ಎರಡೆರಡಾಗಿ ಕಂಡರೆ, ಕಾಯಬೇಡಿ, ಡಾಕ್ಟರಿಗೆ ತೋರಿಸಿ.