ಬಡಾವಣೆಗೆ ವಾರ್ಡನ್ ಆಗಲು ಕೇಳುತ್ತಿದ್ದಾರೆ, ಮಾಡಬೇಕಾದ ಕೆಲಸ ಏನು?

ಸಂಘದವರು ನಿಮ್ಮನ್ನು ಎರಡು ಬೀದಿಗೆ ವಾರ್ಡನ್ ಮಾಡುತ್ತೇವೆ ಎನ್ನುತ್ತಿದ್ದಾರೆ, ರಾತ್ರಿ ಗಸ್ತು ತಿರುಗಬೇಕಾ, ಪೊಲೀಸರ ಹಾಗೆ ಅಧಿಕಾರ ಸಿಗುತ್ತದಾ ಎಂದು ಕೇಳಿದ್ದೀರಿ. ಎರಡೂ ಇಲ್ಲ. ಯಾವ ಮನೆಯಲ್ಲಿ ಯಾರಿದ್ದಾರೆ, ಆಪತ್ತು ಬಂದರೆ ಯಾರನ್ನು ಮೊದಲು ಹೊರಗೆ ಕರೆತರಬೇಕು ಅನ್ನುವುದು ನಿಮಗೆ ಗೊತ್ತಿದ್ದರೆ ಮುಕ್ಕಾಲು ಕೆಲಸ ಆದಂತೆ.

ಸಂಘದ ವಾರ್ಡನ್ ಬೇರೆ, ಸರ್ಕಾರದ ಪೌರರಕ್ಷಣಾ (ಸಿವಿಲ್ ಡಿಫೆನ್ಸ್) ವಾರ್ಡನ್ ಬೇರೆ. ಎರಡನೆಯದು 1968ರ ಕಾಯ್ದೆಯಡಿಯ ಸ್ವಯಂಸೇವೆ. ಸುಮಾರು 10,000 ಜನಕ್ಕೊಂದು ವಾರ್ಡನ್ ಪೋಸ್ಟ್, ಅದರೊಳಗೆ 2,000 ಜನಕ್ಕೊಂದು ಸೆಕ್ಟರ್ ಎಂಬುದು ಅದರ ಲೆಕ್ಕ. 18 ತುಂಬಿದವರು ಸೇರಬಹುದು, ಬೆಂಗಳೂರಿನಲ್ಲಾದರೆ ಹಲಸೂರು ಕೆರೆ ಬಳಿಯ ಪೌರರಕ್ಷಣಾ ಕಚೇರಿಯಲ್ಲಿ ವಿಚಾರಿಸಿ. ಅಲ್ಲಿಯ ತರಬೇತಿ ಸಿಕ್ಕರೆ ಖಂಡಿತ ಬಿಡಬೇಡಿ.

ಮೊದಲ ಕೆಲಸ ಒಂದು ನೋಟ್‌ಬುಕ್. ಮನೆಗೊಂದು ಪುಟ: ರಾತ್ರಿ ಮಲಗುವವರು ಎಷ್ಟು ಜನ, ಹಾಸಿಗೆ ಹಿಡಿದವರು ಇದ್ದಾರಾ, ಆಕ್ಸಿಜನ್ ಯಂತ್ರದ ಮೇಲೆ ಯಾರಾದರೂ ಇದ್ದಾರಾ, ಬದಲಿ ಕೀ ಯಾರ ಬಳಿ, ಮೇನ್ ಸ್ವಿಚ್ ಎಲ್ಲಿದೆ, ಊರಲ್ಲಿರುವ ಸಂಬಂಧಿಕರ ನಂಬರ್ ಯಾವುದು. ಪಿ.ಜಿ.ಗಳನ್ನು ಬಿಡಬೇಡಿ. ಹೆಚ್ಚು ಜನ ಮಲಗುವುದು ಅಲ್ಲೇ, ಅಕ್ಕಪಕ್ಕದವರಿಗೆ ಹೆಸರೂ ಗೊತ್ತಿಲ್ಲದವರು ಇರುವುದೂ ಅಲ್ಲೇ. ನಮ್ಮಲ್ಲಿ ಬಾಡಿಗೆ ಕರಾರು 11 ತಿಂಗಳದು, ಹಾಗಾಗಿ ಪಟ್ಟಿ ಬೇಗ ಹಳಸುತ್ತದೆ. ಯುಗಾದಿಗೊಮ್ಮೆ, ದಸರೆಗೊಮ್ಮೆ ಮನೆಮನೆಗೆ ಹೋಗಿ ತಿದ್ದಿ. ಈ ಪುಟಗಳ ಫೋಟೊ ಯಾವತ್ತೂ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಒಂಟಿ ವೃದ್ಧರ ಮನೆ ಯಾವುದು ಎಂಬ ಮಾಹಿತಿ ಕಳ್ಳನಿಗೂ ಅಷ್ಟೇ ಉಪಯೋಗ.

ಆಮೇಲೆ ವಿಳಾಸ. 112ಕ್ಕೆ ಕರೆ ಮಾಡಿ "3ನೇ ಕ್ರಾಸ್, 5ನೇ ಮೈನ್" ಎಂದರೆ ಸಾಲದು, ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಅದೇ ಇದೆ. ಬಡಾವಣೆ, ಹಂತ ಅಥವಾ ಬ್ಲಾಕ್, ಪಿನ್‌ಕೋಡ್, ದೊಡ್ಡ ರಸ್ತೆಯಿಂದ ಕಾಣುವ ಗುರುತು, ಇಷ್ಟನ್ನು ಚೀಟಿಯಲ್ಲಿ ಬರೆದು ಪ್ರತಿ ಮನೆಯ ಫ್ರಿಜ್ಜಿಗೆ ಅಂಟಿಸಲು ಹೇಳಿ. ಕರೆ ಮಾಡಿದ ಕೂಡಲೇ ಒಬ್ಬರು ಟಾರ್ಚ್ ಹಿಡಿದು ಮೈನ್ ರಸ್ತೆಯ ಮೂಲೆಯಲ್ಲಿ ನಿಲ್ಲಬೇಕು. ಅಗ್ನಿಶಾಮಕ ವಾಹನದ ಅಗಲವೇ ಸುಮಾರು 2.5 ಮೀಟರ್. ಎರಡೂ ಬದಿ ಕಾರು ನಿಂತ ಮೇಲೆ ನಡುವೆ ಎಷ್ಟು ಉಳಿಯುತ್ತದೆ ಎಂದು ರಾತ್ರಿ ಹತ್ತರ ಮೇಲೆ ಟೇಪ್ ಹಿಡಿದು ಅಳೆಯಿರಿ. ಹಗಲಿನ ಅಳತೆ ಮೋಸ ಮಾಡುತ್ತದೆ. ಗಣೇಶನ ಪೆಂಡಾಲ್ ಹಾಕುವಾಗಲೂ ಇದೇ ಮಾತನ್ನು ಮೊದಲೇ ಆಡಿ, ಕಟ್ಟಿದ ಮೇಲೆ ಯಾರೂ ಬಿಚ್ಚುವುದಿಲ್ಲ.

ಮಳೆಗಾಲದಲ್ಲಿ ನೀರಿಗಿಂತ ಕರೆಂಟ್ ಹೆಚ್ಚು ಅಪಾಯ. 2025ರ ಮೇ ತಿಂಗಳಲ್ಲಿ ಬಿ.ಟಿ.ಎಂ. ಲೇಔಟ್ ಕಡೆ ಅಪಾರ್ಟ್‌ಮೆಂಟಿಗೆ ನುಗ್ಗಿದ ನೀರನ್ನು ಪಂಪ್‌ನಿಂದ ಹೊರಹಾಕುವಾಗ ಇಬ್ಬರು ವಿದ್ಯುತ್ ತಗುಲಿ ಸತ್ತರು, ಒಬ್ಬ ಬಾಲಕ. ಬೇಸ್‌ಮೆಂಟಿನಲ್ಲಿ ನೀರು ಏರುವ ಸೂಚನೆ ಕಂಡ ಕೂಡಲೇ ಒಣಗಿದ ಜಾಗದಿಂದಲೇ ಮೇನ್ ಇಳಿಸಬೇಕು. ಸ್ವಿಚ್‌ಗೆ ಹೋಗಲು ನೀರಿಗೆ ಕಾಲಿಡಬೇಕು ಎಂದಾದರೆ ಹೋಗಬೇಡಿ, ವಿದ್ಯುತ್ ಸಹಾಯವಾಣಿ 1912ಕ್ಕೆ ಹೇಳಿ ಹೊರಗಿನಿಂದಲೇ ಸರಬರಾಜು ಕಡಿತ ಮಾಡಿಸಿ. ಗ್ಯಾಸ್ ವಾಸನೆಗೆ 1906. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ತುಂಬಿಕೊಳ್ಳುತ್ತದೆ. ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ಕಿಟಕಿ ತೆರೆದು, ರೆಗ್ಯುಲೇಟರ್ ಮುಚ್ಚಿ ಎಲ್ಲರನ್ನೂ ಹೊರಗೆ ಕಳಿಸಿ.

ಅಪರಿಚಿತರ ವಿಚಾರದಲ್ಲಿ ಮಾತ್ರ ಬಹಳ ಎಚ್ಚರವಾಗಿರಿ. 2018ರಲ್ಲಿ ಚಾಮರಾಜಪೇಟೆಯಲ್ಲಿ ಮಕ್ಕಳ ಕಳ್ಳ ಎಂಬ ಸುಳ್ಳು ಸುದ್ದಿ ನಂಬಿದ ಗುಂಪು ಕೂಲಿಗೆ ಬಂದಿದ್ದ ಅಮಾಯಕನೊಬ್ಬನನ್ನು ಹೊಡೆದು ಕೊಂದಿತು. ಅನುಮಾನ ಬಂದರೆ ಗುಂಪಿನಲ್ಲಿ ಫೋಟೊ ಹಂಚಬೇಡಿ, ಸುತ್ತುವರಿಯಲು ಬಿಡಬೇಡಿ. ದೂರದಿಂದ ಗಮನಿಸಿ 112ಕ್ಕೆ ತಿಳಿಸಿ. ಯಾರೋ ವದಂತಿ ಹಾಕಿದರೆ ತಕ್ಷಣ ಠಾಣೆಗೆ ಕೇಳಿ, ಅಲ್ಲಿಂದ ಬಂದ ಉತ್ತರವನ್ನು ಗುಂಪಿನಲ್ಲೇ ಹೇಳಿ. ಜನ ಕೆರಳುವುದನ್ನು ತಡೆಯಬಲ್ಲವರು ಆ ಬೀದಿಯಲ್ಲಿ ನೀವೊಬ್ಬರೇ ಇರಬಹುದು.

ದಿನನಿತ್ಯದ ಆಸರೆಗೆ ಹೆಚ್ಚು ಹೊತ್ತು ಬೇಕಿಲ್ಲ. ಒಂಟಿಯಾಗಿರುವ ಹಿರಿಯರ ಬಾಗಿಲಲ್ಲಿ ಬೆಳಗ್ಗೆ ಒಂಬತ್ತಾದರೂ ನಂದಿನಿ ಪ್ಯಾಕೆಟ್ ಬಿದ್ದಿದ್ದರೆ ಬಡಿದು ನೋಡಲು ಪಕ್ಕದ ಮನೆಯವರನ್ನೇ ಗೊತ್ತುಮಾಡಿ. ಮಕ್ಕಳಿಂದ ಕಿರುಕುಳ, ಆಸ್ತಿ ತಕರಾರಿನ ವಿಷಯಕ್ಕೆ ಹಿರಿಯರ ಸಹಾಯವಾಣಿ 1090 ಇದೆ. ಆ ಜಗಳದಲ್ಲಿ ನೀವು ಪಂಚಾಯಿತಿಗೆ ಕೂರಬೇಡಿ. ಮತ್ತೆ, ಎರಡು ಬೀದಿಗೆ ಒಬ್ಬರೇ ಒಪ್ಪಿಕೊಳ್ಳಬೇಡಿ. ನೀವು ಊರಿಗೆ ಹೋದಾಗ ಆ ನೋಟ್‌ಬುಕ್ ಎಲ್ಲಿದೆ ಎಂದು ಗೊತ್ತಿರುವ ಎರಡನೆಯವರು ಸಿಕ್ಕ ಮೇಲೆಯೇ ಹೂಂ ಅನ್ನಿ.