ಎಷ್ಟೋ ವರ್ಷಗಳ ಮೇಲೆ ಡಿಗ್ರಿಗೆ ಸೇರಿದ್ದೇನೆ, ಇಂಗ್ಲಿಷ್ ಪುಸ್ತಕ ಓದಿದರೂ ತಲೆಗೆ ಹತ್ತುತ್ತಿಲ್ಲ. ಏನು ಮಾಡಲಿ?

ನಿಮಗೆ ಇಂಗ್ಲಿಷ್ ಅಕ್ಷರ, ಪದ ಎಲ್ಲಾ ಓದಲು ಬರುತ್ತದೆ. ಆದರೆ ಪುಟದ ಕೊನೆಗೆ ಬರುವಷ್ಟರಲ್ಲಿ ಮೇಲೆ ಏನಿತ್ತು ಅನ್ನುವುದೇ ಮರೆತುಹೋಗಿರುತ್ತದೆ. ಡಿಕ್ಷನರಿ ನೋಡಿ ನೋಡಿ ಸಾಕಾಗಿದೆ. ಈ ವಯಸ್ಸಿನಲ್ಲಿ ಇದು ಆಗುವ ಮಾತಾ ಅಂತ ಕೇಳಿದ್ದೀರಿ.

ಖಂಡಿತ ಆಗುವ ಮಾತು. ಕೆಲಸ, ಸಂಸಾರ ಎರಡನ್ನೂ ನಿಭಾಯಿಸುತ್ತಾ ಡಿಗ್ರಿ ಓದುವವರಿಗೆ ನಾನು ಬಹಳ ಕಾಲದಿಂದ ಇಂಗ್ಲಿಷ್ ಪಾಠ ಮಾಡುತ್ತಿದ್ದೇನೆ. ನೀವು ಹೇಳಿದ್ದನ್ನೇ ಹೆಚ್ಚುಕಡಿಮೆ ಎಲ್ಲರೂ ಹೇಳುತ್ತಾರೆ. ಆದರೆ ಎಲ್ಲರ ತೊಂದರೆಯೂ ಒಂದೇ ಜಾಗದಲ್ಲಿ ಇರುವುದಿಲ್ಲ. ಹಾಗಾಗಿ ಮೊದಲು ನಿಮಗೆ ಎಲ್ಲಿ ಸಿಕ್ಕಿಕೊಳ್ಳುತ್ತಿದೆ ಅಂತ ಪತ್ತೆ ಮಾಡಬೇಕು.

1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ಇಬ್ಬರು ಸಂಶೋಧಕರು ಓದಿನ ಬಗ್ಗೆ ಒಂದು ಸರಳ ಲೆಕ್ಕ ಕೊಟ್ಟರು. ಬರೆದದ್ದನ್ನು ನೋಡಿ ಪದ ಗುರುತಿಸುವ ಶಕ್ತಿ ಒಂದು, ಆ ಭಾಷೆಯನ್ನು ಅರ್ಥ ಮಾಡಿಕೊಳ್ಳುವ ಶಕ್ತಿ ಇನ್ನೊಂದು. ಓದಿ ಅರ್ಥವಾಗುವುದು ಇವೆರಡರ ಗುಣಾಕಾರ. ಕೂಡಿಸುವುದಲ್ಲ, ಗುಣಿಸುವುದು. ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟಿದ್ದರೂ ಉತ್ತರ ಸೊನ್ನೆಯೇ.

ಇದನ್ನು ನೀವೇ ಮನೆಯಲ್ಲಿ ಪರೀಕ್ಷೆ ಮಾಡಬಹುದು. ಪುಸ್ತಕದ ಒಂದು ಪ್ಯಾರಾ ತೆಗೆದುಕೊಳ್ಳಿ. ಯಾರಿಂದಲಾದರೂ ಅದನ್ನು ನಿಧಾನವಾಗಿ ಓದಿಸಿ ಕೇಳಿ. ಯಾರೂ ಇಲ್ಲದಿದ್ದರೆ ಫೋನಿನಲ್ಲೇ ಓದಿ ಹೇಳುವ ಸೌಲಭ್ಯ ಇರುತ್ತದೆ. ಕಣ್ಣಿನಲ್ಲಿ ಓದಿದಾಗ ಆಗದ್ದು ಕಿವಿಯಲ್ಲಿ ಕೇಳಿದಾಗ ಅರ್ಥವಾದರೆ, ನಿಮಗೆ ಓದುವ ರೂಢಿ ಸಾಲದು ಅಷ್ಟೇ. ಪದ ಗುರುತಿಸುವುದಕ್ಕೇ ಗಮನವೆಲ್ಲ ಖರ್ಚಾಗಿ ಅರ್ಥಕ್ಕೆ ಏನೂ ಉಳಿಯುತ್ತಿಲ್ಲ. ಕೇಳಿದರೂ ಅರ್ಥವಾಗದಿದ್ದರೆ ಅದೇ ವಿಷಯವನ್ನು ಕನ್ನಡದಲ್ಲಿ ಓದಿ ನೋಡಿ. ಕನ್ನಡದಲ್ಲಿ ಸಲೀಸಾಗಿ ಅರ್ಥವಾದರೆ ತೊಂದರೆ ಇಂಗ್ಲಿಷಿನದು. ಕನ್ನಡದಲ್ಲೂ ಅರ್ಥವಾಗದಿದ್ದರೆ? ಆಗ ತೊಂದರೆ ಇಂಗ್ಲಿಷಿನದಲ್ಲ, ಆ ವಿಷಯವೇ ನಿಮಗೆ ಹೊಸದು.

ಈ ಕೊನೆಯದು ನಾವು ಅಂದುಕೊಳ್ಳುವುದಕ್ಕಿಂತ ಜಾಸ್ತಿ ಜನರ ಕಥೆ. ಅರ್ಥಶಾಸ್ತ್ರದ ಪಾಠ ಅರ್ಥವಾಗದಿದ್ದರೆ "ನನ್ನ ಇಂಗ್ಲಿಷ್ ಸರಿಯಿಲ್ಲ" ಅಂತ ತೀರ್ಮಾನ ಮಾಡಿ ಗ್ರಾಮರ್ ಪುಸ್ತಕ ಹಿಡಿದು ಕೂರುತ್ತಾರೆ. ಪಾಪ, ತಿಂಗಳುಗಟ್ಟಲೆ ಶ್ರಮ ಬೇರೆ ಕಡೆ ಹೋಗುತ್ತದೆ.

ವಿಷಯ ಗೊತ್ತಿರುವುದು ಎಷ್ಟು ಮುಖ್ಯ ಅನ್ನುವುದಕ್ಕೆ 1988ರ ಒಂದು ಪ್ರಯೋಗ ಇದೆ. ರೆಕ್ಟ್ ಮತ್ತು ಲೆಸ್ಲಿ ಅನ್ನುವವರು ಶಾಲಾ ಮಕ್ಕಳಿಗೆ ಬೇಸ್‌ಬಾಲ್ ಪಂದ್ಯದ ವಿವರಣೆ ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದೂ ಆಟ ಗೊತ್ತಿಲ್ಲದ ಮಕ್ಕಳಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ದೊಡ್ಡವರಿಗೆ ಇದು ನಿಜಕ್ಕೂ ಒಳ್ಳೆಯ ಸುದ್ದಿ. ಲೆಕ್ಕಪತ್ರ ನೋಡಿಕೊಂಡು ಬಂದವರು ಕಾಮರ್ಸ್ ಪುಸ್ತಕ ತೆರೆದರೆ, ರೋಗಿಗಳ ಆರೈಕೆ ಮಾಡಿದವರು ಆರೋಗ್ಯದ ಪಾಠ ತೆರೆದರೆ, ಅವರ ಹತ್ತಿರ ಆಗಲೇ ಅರ್ಧ ಬಂಡವಾಳ ಇದೆ. ಹದಿನೆಂಟರ ಹುಡುಗರಿಗೆ ಅದು ಇರುವುದಿಲ್ಲ.

ಆದ್ದರಿಂದ ನನ್ನ ಮೊದಲ ಸಲಹೆ ಇದು. ಎಲ್ಲೆಲ್ಲಿಂದಲೋ ಹೆಕ್ಕಿದ ಕಾಂಪ್ರಹೆನ್ಷನ್ ಪ್ಯಾಸೇಜುಗಳನ್ನು ದಿನಾ ಬಿಡಿಸುತ್ತಾ ಕೂರಬೇಡಿ. ಇವತ್ತು ತಿಮಿಂಗಿಲ, ನಾಳೆ ಜ್ವಾಲಾಮುಖಿ ಅಂತ ಓದಿದರೆ ಯಾವುದೂ ಒಂದರ ಮೇಲೊಂದು ಕೂರುವುದಿಲ್ಲ. ನಿಮ್ಮ ಡಿಗ್ರಿಯ ವಿಷಯದಲ್ಲೇ ಓದಿ. ಒಂದೇ ವಿಷಯದ ಮೇಲೆ ನಾಲ್ಕಾರು ಲೇಖನ ಓದಿದರೆ ಅವೇ ಪದಗಳು, ಅವೇ ವಾದಗಳು ತಿರುತಿರುಗಿ ಬರುತ್ತವೆ. ಮೂರನೆಯದಕ್ಕೆ ಬರುವಾಗ ಭಾರ ಎಷ್ಟೋ ಇಳಿದಿರುತ್ತದೆ. ಪಾಠ ಶುರು ಮಾಡುವ ಮುಂಚೆ ಅದೇ ವಿಷಯವನ್ನು ಕನ್ನಡದಲ್ಲಿ ಹತ್ತು ನಿಮಿಷ ಓದಿಕೊಳ್ಳಿ, ಇಲ್ಲವೇ ಯಾರಾದರೂ ವಿವರಿಸಿದ್ದನ್ನು ಕೇಳಿ. ಇದು ಕಳ್ಳದಾರಿ ಅಂತ ಕೆಲವರು ಅಳುಕುತ್ತಾರೆ. ಖಂಡಿತ ಅಲ್ಲ, ಇದೇ ಸರಿಯಾದ ದಾರಿ.

ಪಾಠದ ತಲೆಬರಹ, ಒಳಗಿನ ಉಪಶೀರ್ಷಿಕೆ, ಕೊನೆಯಲ್ಲಿರುವ ಪ್ರಶ್ನೆಗಳನ್ನೂ ಮೊದಲೇ ನೋಡಿಬಿಡಿ. 1972ರಲ್ಲಿ ಬ್ರಾನ್ಸ್‌ಫರ್ಡ್ ಮತ್ತು ಜಾನ್ಸನ್ ಎಂಬ ಸಂಶೋಧಕರು ಬಟ್ಟೆ ಒಗೆಯುವುದರ ಬಗ್ಗೆ ಒಂದು ಪ್ಯಾರಾ ಬರೆದು ಕೆಲವರಿಗೆ ಕೇಳಿಸಿದರು. ಅದರಲ್ಲಿ ಬಟ್ಟೆ ಅನ್ನುವ ಮಾತೇ ಇರಲಿಲ್ಲ. ಏನಿದ್ದರೂ "ವಸ್ತುಗಳನ್ನು ಗುಂಪು ಮಾಡಿ" ಅನ್ನುವ ಥರದ ಮಾತು. ವಿಷಯ ಏನು ಅಂತ ಮೊದಲೇ ತಿಳಿಸಿದವರಿಗೆ ಅದು ಅರ್ಥವಾಯಿತು, ನೆನಪೂ ಉಳಿಯಿತು. ಕೇಳಿ ಮುಗಿದ ಮೇಲೆ ತಿಳಿಸಿದವರಿಗೆ ಅದರಿಂದ ಪ್ರಯೋಜನ ಆಗಲಿಲ್ಲ. ಅವರೆಲ್ಲರಿಗೂ ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿತ್ತು, ನೆನಪಿಡಿ.

ಇನ್ನು ಪದಗಳ ವಿಚಾರ. ಯಾರ ಸಹಾಯವೂ ಇಲ್ಲದೆ ಒಂದು ಬರಹ ಅರ್ಥವಾಗಬೇಕಾದರೆ ಅದರ ಸುಮಾರು 98% ಪದಗಳು ಗೊತ್ತಿರಬೇಕು ಅಂತ 2000ದಲ್ಲಿ ಹು ಮತ್ತು ನೇಷನ್ ಮಾಡಿದ ಅಧ್ಯಯನ ತೋರಿಸಿತು. ಅಂದರೆ ಐವತ್ತು ಪದಕ್ಕೆ ಒಂದು ಗೊತ್ತಿಲ್ಲದಿದ್ದರೆ ಪರವಾಗಿಲ್ಲ. ನಿಮ್ಮ ಪುಸ್ತಕದಲ್ಲಿ ಒಂದು ನೂರು ಪದ ಎಣಿಸಿ, ಗೊತ್ತಿಲ್ಲದವಕ್ಕೆ ಗುರುತು ಹಾಕಿ. ಎರಡು ಮೂರು ಸಿಕ್ಕಿದರೆ ಧೈರ್ಯವಾಗಿ ಓದಿ. ಹತ್ತು ಹನ್ನೆರಡು ಸಿಕ್ಕಿದರೆ ನಿಮ್ಮ ತಲೆಯಲ್ಲಿ ದೋಷ ಇಲ್ಲ, ಆ ಪುಟ ಈಗ ನಿಮಗೆ ಭಾರವಾಗಿದೆ. ಅದೇ ವಿಷಯದ ಮೇಲೆ ಇನ್ನೂ ಸುಲಭವಾದ ಪುಸ್ತಕ ಓದಿ, ಆಮೇಲೆ ಇದಕ್ಕೆ ಬನ್ನಿ.

ಸಿಕ್ಕಿದ ಪದಕ್ಕೆಲ್ಲ ಡಿಕ್ಷನರಿ ತೆಗೆಯುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. ಪದಕ್ಕೊಂದು ಸಲ ನಿಂತರೆ ವಾಕ್ಯದ ಎಳೆ ತಪ್ಪಿಹೋಗುತ್ತದೆ. ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟು ಪ್ಯಾರಾ ಮುಗಿಸಿ. ಎರಡನೇ ಸಲ ಬಂದ ಪದವನ್ನು, ಇಲ್ಲವೇ ಅದು ತಿಳಿಯದೆ ವಾಕ್ಯವೇ ತೆರೆಯುವುದಿಲ್ಲ ಅನ್ನುವ ಪದವನ್ನು ಮಾತ್ರ ನೋಡಿ.

ಯಾವ ಪದ ಕಲಿಯಬೇಕು ಅನ್ನುವುದಕ್ಕೂ ಒಂದು ದಾರಿ ಇದೆ. ಸಬ್ಜೆಕ್ಟಿನ ಪಾರಿಭಾಷಿಕ ಪದಗಳನ್ನು ಪುಸ್ತಕವೇ ವಿವರಿಸುತ್ತದೆ, ಮೇಷ್ಟ್ರೂ ವಿವರಿಸುತ್ತಾರೆ. ಯಾರೂ ವಿವರಿಸದೆ ಬಿಡುವುದು ಅನಲೈಸ್, ಅಸ್ಯೂಮ್, ಡಿರೈವ್, ಸಿಗ್ನಿಫಿಕೆಂಟ್ ಥರದ ಪದಗಳನ್ನು. ಇವು ಯಾವ ವಿಷಯದ ಪುಸ್ತಕ ತೆಗೆದರೂ ಇರುತ್ತವೆ, ಆದರೆ ದಿನದ ಮಾತಿನಲ್ಲಿ ಕಿವಿಗೆ ಬೀಳುವುದು ಕಡಿಮೆ. 2000ದಲ್ಲಿ ಆವ್ರಿಲ್ ಕಾಕ್ಸ್‌ಹೆಡ್ ಇಂಥ 570 ಪದಕುಟುಂಬಗಳ, ಅಂದರೆ ಒಂದೇ ಮೂಲದಿಂದ ಬಂದ ಪದಗಳ ಗುಂಪುಗಳ, ಪಟ್ಟಿ ಮಾಡಿದರು. ಅಕಾಡೆಮಿಕ್ ವರ್ಡ್ ಲಿಸ್ಟ್ ಅಂತ ಹುಡುಕಿದರೆ ಉಚಿತವಾಗಿ ಸಿಗುತ್ತದೆ. ಕಾಲೇಜು ಮಟ್ಟದ ಬರಹದಲ್ಲಿ ಹೆಚ್ಚುಕಡಿಮೆ ಹತ್ತು ಪದಕ್ಕೆ ಒಂದು ಈ ಪಟ್ಟಿಯದೇ. ಉರು ಹೊಡೆಯಬೇಡಿ. ಓದುವಾಗ ಸಿಕ್ಕಿದ್ದು ಈ ಪಟ್ಟಿಯಲ್ಲಿ ಇದ್ದರೆ ಅದು ಸಿಕ್ಕಿದ ವಾಕ್ಯದ ಸಮೇತ ಬರೆದಿಟ್ಟುಕೊಳ್ಳಿ.

ಆದರೆ ಪದಗಳೆಲ್ಲ ಗೊತ್ತಿದ್ದೂ ಅರ್ಥ ತಪ್ಪುವುದು ಇದೆಯಲ್ಲ, ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕ್ಲಾಸಿನಲ್ಲಿ ನಾನು ಈ ವಾಕ್ಯ ಕೊಡುತ್ತೇನೆ: "ದಿ ಫಾಲ್ ಇನ್ ವೇಜಸ್, ವಿಚ್ ಮೆನಿ ಎಕ್ಸ್‌ಪರ್ಟ್ಸ್ ಹ್ಯಾಡ್ ಎಕ್ಸ್‌ಪೆಕ್ಟೆಡ್ ಟು ಬಿ ಬ್ರೀಫ್, ವಾಸ್ ಪ್ರೊಲಾಂಗ್ಡ್ ಬೈ ದಿ ಅರೈವಲ್ ಆಫ್ ನ್ಯೂ ಮಷೀನ್ಸ್." ಕೂಲಿ ಇಳಿದದ್ದು ಸ್ವಲ್ಪ ಕಾಲವೋ, ಬಹಳ ಕಾಲವೋ ಅಂತ ಕೇಳುತ್ತೇನೆ. ಸ್ವಲ್ಪ ಕಾಲ ಅಂತ ಹಲವರು ಹೇಳುತ್ತಾರೆ. ಬ್ರೀಫ್ ಅನ್ನುವುದು ಗೊತ್ತಿರುವ ಪದ, ಕಣ್ಣು ಅದನ್ನು ಹಿಡಿದುಕೊಂಡಿತು. ಗೊತ್ತಿರುವ ನಾಲ್ಕು ಪದ ಜೋಡಿಸಿ ಮನಸ್ಸು ತನ್ನದೇ ಒಂದು ವಾಕ್ಯ ಕಟ್ಟಿಬಿಟ್ಟಿತು.

ಇದಕ್ಕೆ ಕಾರಣ ಇದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ವಿವರಣೆಯೆಲ್ಲ ಹೆಸರಿನ ಮುಂಚೆಯೇ ಮುಗಿದಿರುತ್ತದೆ. "ಬೇಗ ಮುಗಿಯುತ್ತದೆ ಅಂತ ತಜ್ಞರು ಅಂದುಕೊಂಡಿದ್ದ ಕೂಲಿ ಇಳಿತ" ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಮೊದಲು ಹೆಸರು ಬರುತ್ತದೆ, ಆಮೇಲೆ ಅದರ ವಿವರಣೆ ನಡುವೆ ನುಗ್ಗುತ್ತದೆ, ಕ್ರಿಯಾಪದ ಅದರಾಚೆ ಎಲ್ಲೋ ಕೂತಿರುತ್ತದೆ. ಆದ್ದರಿಂದ ಉದ್ದದ ವಾಕ್ಯ ಸಿಕ್ಕಿದಾಗ ಎರಡೇ ಪ್ರಶ್ನೆ ಕೇಳಿಕೊಳ್ಳಿ. ಯಾವುದರ ಬಗ್ಗೆ ಮಾತು? ಅದು ಏನಾಯಿತು? ಎರಡು ಕಾಮಾದ ನಡುವಿನದನ್ನು ಬೆರಳಿನಿಂದ ಮುಚ್ಚಿ ಓದಿ. "ದಿ ಫಾಲ್ ಇನ್ ವೇಜಸ್ ವಾಸ್ ಪ್ರೊಲಾಂಗ್ಡ್." ಕೂಲಿ ಇಳಿತ ಲಂಬಿಸಿತು. ಯಾಕೆ? ಹೊಸ ಯಂತ್ರಗಳು ಬಂದದ್ದರಿಂದ. ಈಗ ಬೆರಳು ತೆಗೆಯಿರಿ. ಬೇಗ ಮುಗಿಯುತ್ತದೆ ಅಂತ ತಜ್ಞರು ಅಂದುಕೊಂಡಿದ್ದರು, ಹಾಗೆ ಆಗಲಿಲ್ಲ. ಪೂರ್ತಿ ಅರ್ಥ ಸಿಕ್ಕಿತು ಅಲ್ವಾ? ದಿನಕ್ಕೆ ನಿಮ್ಮ ಪಾಠದ ಎರಡು ಮೂರು ಕಷ್ಟದ ವಾಕ್ಯಗಳನ್ನು ಹೀಗೆ ಬಿಡಿಸಿ. ಕೆಲವು ವಾರ ಕಳೆದ ಮೇಲೆ ಬೆರಳು ಬೇಕಾಗುವುದಿಲ್ಲ, ಕಣ್ಣೇ ಕ್ರಿಯಾಪದವನ್ನು ಹುಡುಕಿಕೊಂಡು ಹೋಗುತ್ತದೆ.

ಇದರ ಜೊತೆಗೆ ಹೌಎವರ್, ಆಲ್‌ದೋ, ಅನ್‌ಲೆಸ್, ದೇರ್‌ಫೋರ್ ಇವುಗಳಿಗೆ ಸುತ್ತು ಹಾಕುವ ಅಭ್ಯಾಸ ಮಾಡಿಕೊಳ್ಳಿ. ಮಾತು ಎಲ್ಲಿ ತಿರುಗಿತು ಅಂತ ಹೇಳುವುದು ಇವೇ. ಹೌಎವರ್ ಬಂದರೆ ಲೇಖಕರ ನಿಜವಾದ ಅಭಿಪ್ರಾಯ ಸಾಮಾನ್ಯವಾಗಿ ಅದರ ನಂತರ ಇರುತ್ತದೆ. ದಿಸ್ ಅಥವಾ ಸಚ್ ಅಂತ ಬಂದಾಗ ಯಾವುದಕ್ಕೆ ಹೇಳಿದ್ದು ಅಂತ ಹಿಂದಿನ ವಾಕ್ಯಕ್ಕೆ ಬಾಣದ ಗುರುತು ಎಳೆಯಿರಿ.

ಪುಟದ ಕೊನೆಗೆ ಬರುವಷ್ಟರಲ್ಲಿ ಮರೆತುಹೋಗುತ್ತದೆ ಅಂದಿರಿ. ಬಹುಶಃ ನೀವು ಮತ್ತೆ ಮೊದಲಿನಿಂದ ಓದುತ್ತೀರಿ, ಹಳದಿ ಹೈಲೈಟರ್ ಎಳೆಯುತ್ತೀರಿ. ಇವೆರಡೂ ಕೊಡುವುದು ಬಹಳ ಕಡಿಮೆ. ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ಒಂದು ಗುಂಪು ಪಾಠವನ್ನು ಮತ್ತೆ ಓದಿತು. ಇನ್ನೊಂದು ಗುಂಪು ಪುಸ್ತಕ ನೋಡದೆ ನೆನಪಾದದ್ದನ್ನು ಬರೆಯಿತು. ಐದು ನಿಮಿಷದ ನಂತರ ನೋಡಿದರೆ ಮತ್ತೆ ಓದಿದವರದೇ ಮೇಲುಗೈ. ಒಂದು ವಾರದ ನಂತರ ನೋಡಿದರೆ ನೆನಪಿನಿಂದ ಬರೆದವರು ಎಷ್ಟೋ ಮುಂದಿದ್ದರು. ಮತ್ತೆ ಓದಿದಾಗ ಎಲ್ಲಾ ಗೊತ್ತಿರುವ ಹಾಗೆ ಅನಿಸುತ್ತದೆ, ಅದೇ ನಮ್ಮನ್ನು ಮೋಸ ಮಾಡುವುದು.

ಹಾಗಾಗಿ ಒಂದು ಪ್ಯಾರಾ ಓದಿ, ಪಕ್ಕದ ಅಂಚಿನಲ್ಲಿ ಮೂರು ನಾಲ್ಕು ಕನ್ನಡ ಪದಗಳಲ್ಲಿ ಅದರ ಸಾರ ಬರೆಯಿರಿ. ಬರೆಯಲು ಆಗಲಿಲ್ಲ ಅಂದರೆ ಆ ಪ್ಯಾರಾ ಅರ್ಥವಾಗಿಲ್ಲ, ಅಲ್ಲಿಯೇ ನಿಲ್ಲಿ. ಎರಡು ಪುಟ ಆದ ಮೇಲೆ ಪುಸ್ತಕ ಮುಚ್ಚಿ, ಎದುರಿಗೆ ಯಾರೋ ಕೂತಿದ್ದಾರೆ ಅಂದುಕೊಂಡು ಕನ್ನಡದಲ್ಲೇ ಜೋರಾಗಿ ಹೇಳಿ. ಎಲ್ಲಿ ತಡವರಿಸಿದಿರೋ ಆ ಜಾಗವನ್ನಷ್ಟೇ ತೆರೆದು ನೋಡಿ. ಮಾರನೇ ದಿನ ಹೊಸ ಪಾಠಕ್ಕೆ ಮುಂಚೆ ಹಿಂದಿನದನ್ನು ಇನ್ನೊಮ್ಮೆ ನೆನಪಿನಿಂದ ಹೇಳಿ. ಇಂಗ್ಲಿಷ್ ಓದುವಾಗ ಕನ್ನಡದಲ್ಲಿ ಯೋಚಿಸಬಾರದು ಅಂತ ಹೇಳುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಪದಕ್ಕೆ ಪದ ಅನುವಾದ ಮಾಡುತ್ತಾ ಹೋಗುವುದು ಬೇಡ, ಸರಿ. ಆದರೆ ಅರ್ಥವಾದದ್ದನ್ನು ನಮ್ಮ ಭಾಷೆಯಲ್ಲಿ ಹೇಳಿಕೊಳ್ಳುವುದಕ್ಕಿಂತ ಗಟ್ಟಿಯಾದ ಪರೀಕ್ಷೆ ಇನ್ನೊಂದಿಲ್ಲ. ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲೇ ಬರೆಯಬೇಕಾದರೆ, ಕನ್ನಡದಲ್ಲಿ ಸಲೀಸಾಗಿ ಹೇಳಲು ಬಂದ ಮೇಲೆ ಅದನ್ನೇ ನಾಲ್ಕು ಸರಳ ಇಂಗ್ಲಿಷ್ ವಾಕ್ಯದಲ್ಲಿ ಬರೆಯಿರಿ.

ವೇಗದ ಚಿಂತೆ ಈಗ ಬೇಡ. ಇಂಗ್ಲಿಷ್ ಬಲ್ಲ ವಯಸ್ಕರು ಕಥೆಯಲ್ಲದ ಬರಹವನ್ನು ಮೌನವಾಗಿ ಓದುವುದು ನಿಮಿಷಕ್ಕೆ ಸರಾಸರಿ 238 ಪದ ಅಂತ 2019ರಲ್ಲಿ ಬ್ರಿಸ್‌ಬರ್ಟ್ ಹಲವು ಅಧ್ಯಯನ ಸೇರಿಸಿ ಲೆಕ್ಕ ಹಾಕಿದರು. ಸಾವಿರ ಪದ ಓದಿಸುತ್ತೇವೆ ಅನ್ನುವ ಸ್ಪೀಡ್ ರೀಡಿಂಗ್ ಕೋರ್ಸುಗಳಿಗೆ ದುಡ್ಡು ಸುರಿಯಬೇಡಿ, ಅಷ್ಟು ವೇಗದಲ್ಲಿ ಅರ್ಥ ಕೈಬಿಟ್ಟು ಹೋಗುತ್ತದೆ. ವೇಗ ಬರುವುದು ಸುಲಭದ ಓದಿನಿಂದ. ಕಲಿಯುವವರಿಗೆಂದೇ ಸರಳ ಮಾಡಿದ ಗ್ರೇಡೆಡ್ ರೀಡರ್ ಪುಸ್ತಕಗಳಿವೆ. ಪಾಠದ ಓದು ಬೇರೆ, ಇದು ಬೇರೆ. ರಾತ್ರಿ ಹದಿನೈದು ನಿಮಿಷ ಸುಮ್ನೆ ಖುಷಿಗೆ ಓದಿ, ಏನೂ ಬರೆದುಕೊಳ್ಳಬೇಡಿ.

ಪರೀಕ್ಷೆಯ ಕಾಂಪ್ರಹೆನ್ಷನ್ ಬಗ್ಗೆಯೂ ಕೇಳಿದ್ದೀರಿ. ಮೊದಲು ಪ್ರಶ್ನೆಗಳ ಮೇಲೆ ಕಣ್ಣಾಡಿಸಿ, ಆಮೇಲೆ ಪ್ಯಾಸೇಜ್ ಪೂರ್ತಿ ಓದಿ. ದೊಡ್ಡವರು ಅಲ್ಲಿ ಎಡವುವುದು ಹೆಚ್ಚಾಗಿ ಒಂದೇ ಕಡೆ. ಜೀವನದಲ್ಲಿ ಕಂಡದ್ದು ಜಾಸ್ತಿ ಇರುತ್ತದಲ್ಲ, ನಾಲ್ಕು ಆಯ್ಕೆಗಳಲ್ಲಿ ತಮಗೆ ನಿಜ ಅಂತ ಗೊತ್ತಿರುವುದಕ್ಕೆ ಗುರುತು ಹಾಕಿಬಿಡುತ್ತಾರೆ. ಅಲ್ಲಿ ಕೇಳುವುದು ಪ್ಯಾಸೇಜ್ ಏನು ಹೇಳುತ್ತದೆ ಅಂತ ಮಾತ್ರ. ಪಾಠ ಓದುವಾಗ ನಿಮ್ಮ ಅನುಭವವನ್ನೆಲ್ಲ ಕರೆತನ್ನಿ, ಇಲ್ಲಿ ಮಾತ್ರ ಅದನ್ನು ಪಕ್ಕಕ್ಕಿಡಿ. ಯಾವುದೇ ಉತ್ತರಕ್ಕೆ ಗುರುತು ಹಾಕುವ ಮುಂಚೆ, ಅದನ್ನು ಹೇಳುವ ಸಾಲು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಲು ಬರಬೇಕು. ಬರದಿದ್ದರೆ ಆ ಆಯ್ಕೆ ಬಿಟ್ಟು ಮುಂದಿನದು ನೋಡಿ.