ಅಡಿಕೆ ಸುಲಿಯುವವರು ಅರ್ಧಕ್ಕೇ ಬಿಟ್ಟು ಹೋಗುತ್ತಾರೆ, ಏನು ಮಾಡಲಿ?

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಮೂರು ಎಕರೆ ಅಡಿಕೆ ತೋಟವಿದೆ. ಸುಲಿಯಲು ಎಂಟು ಹೆಂಗಸರು ಬರುತ್ತಿದ್ದರು. ಕಳೆದ ಸಲ ಎರಡನೇ ಕೊಯ್ಲಿನ ಹೊತ್ತಿಗೆ ಐವರು ಪಕ್ಕದ ಮನೆಗೆ ಹೋದರು. ಅಲ್ಲೂ ದರ ನಮ್ಮಷ್ಟೇ. ಈ ಸಲ ದೊಡ್ಡ ಮುಂಗಡ ಕೊಟ್ಟು ಹಿಡಿದಿಟ್ಟುಕೊಳ್ಳಬಹುದೇ?

ಉತ್ತರ: ದರ ಒಂದೇ ಇದ್ದೂ ಹೋದರೆಂದರೆ ತಕರಾರು ಹೆಚ್ಚಾಗಿ ಅಳತೆಯಲ್ಲಿರುತ್ತದೆ, ಇಲ್ಲವೇ ಬಟವಾಡೆಯಲ್ಲಿ. ಕೂಲಿ ಲೆಕ್ಕಕ್ಕೆ ಸುಲಿದ ಅಡಿಕೆ ಅಳೆಯುವ ಡಬ್ಬ ಬೆಳಿಗ್ಗೆ ಮಟ್ಟಸ, ಸಂಜೆ ಯಜಮಾನರು ನಿಂತಾಗ ಕುಲುಕಿ ಗೋಪುರ! ಇದನ್ನು ಯಾರೂ ಎದುರಿಗೆ ಹೇಳುವುದಿಲ್ಲ, ಮರುದಿನ ಬರುವುದಿಲ್ಲ ಅಷ್ಟೇ. ಇಡೀ ಸುಗ್ಗಿಗೆ ಒಂದೇ ಡಬ್ಬ ಇಟ್ಟುಕೊಂಡು, ಅಂಚಿನ ಮೇಲೆ ಕೋಲು ಎಳೆದು ಅಳೆಯಿರಿ. ಕೆ.ಜಿ. ಲೆಕ್ಕವಾದರೆ ಖಾಲಿ ಬುಟ್ಟಿಯ ತೂಕವನ್ನು ಅವರೆದುರೇ ಕಳೆಯಿರಿ. ನಿಮ್ಮ ಪುಸ್ತಕದಲ್ಲಿ ಬರೆದದ್ದೇ ಅವರ ಚೀಟಿಯಲ್ಲೂ ಇರಲಿ.

ಇನ್ನೊಂದು ಒಳಗುಟ್ಟು ಕಾಯಿಯ ಗಾತ್ರ. ಸಣ್ಣ ಕಾಯಿಯಲ್ಲಿ ಡಬ್ಬ ತುಂಬಲು ಎಷ್ಟೋ ಹೆಚ್ಚು ಕಾಯಿ ಸುಲಿಯಬೇಕು, ಕೂಲಿ ಮಾತ್ರ ಅಷ್ಟೇ. ಬೇಕಾದವರ ಮುಂದೆ ದಪ್ಪ ಕಾಯಿಯ ಕೊನೆ (ಅಡಿಕೆ ಗೊಂಚಲು) ಸುರಿದರೆ ಉಳಿದವರಿಗೆ ಅದು ತಕ್ಷಣ ಕಾಣುತ್ತದೆ. ಕೊನೆಗಳನ್ನು ಕಲಸಿ ಹಂಚಿ. ಆ ಕೊಯ್ಲೇ ಸಣ್ಣ ಕಾಯಿಯದಾದರೆ ದರ ಏರಿಸಿ, ಅದನ್ನೂ ಸುಲಿತ ಶುರುವಾಗುವ ಮೊದಲೇ ಹೇಳಿ. ಜನ ಹೋಗಿ ಹಸಿ ಅಡಿಕೆ ರಾಶಿಯಲ್ಲೇ ಬಿಸಿಯೇರಿ ಬಣ್ಣ ಕೆಟ್ಟರೆ ನಷ್ಟ ನಿಮಗೇ.

ಅಡಿಕೆ ಸುಲಿಯುವ ಮೆಟ್ಟುಗತ್ತಿ ಮೊಂಡಾದರೆ ಒತ್ತಿ ಸುಲಿಯಬೇಕಾಗುತ್ತದೆ, ಆಗಲೇ ಕತ್ತಿ ಜಾರಿ ಬೆರಳು ಕುಯ್ಯುವುದು. ದಿನವೂ ಮಸೆದು ಕೊಡುವುದು ಮನೆಯವರ ಕೆಲಸವಾಗಲಿ. ದೀಪ ಬೆನ್ನ ಹಿಂದಿದ್ದರೆ ಕೈಯ ನೆರಳು ಅಲಗಿನ ಮೇಲೇ ಬೀಳುತ್ತದೆ. ಮುಂದೆ, ಎತ್ತರದಲ್ಲಿ ಕಟ್ಟಿ. ಮನೆಯ ಶೌಚಾಲಯ ಬಳಸಲು ಬಿಡದ ಕಡೆ ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಒಬ್ಬರೂ ಬಾಯಿಬಿಟ್ಟು ಕೇಳಲಾರರು, ನೀವೇ ತೋರಿಸಿ. ರಾತ್ರಿ ಸುಲಿತವಿದ್ದರೆ ಮನೆಗೆ ಬಿಡಲು ಗಾಡಿ ಬೇಕೇ ಬೇಕು.

ಇನ್ನು ಮುಂಗಡ. ಕಷ್ಟಕ್ಕೆ ಕೇಳಿದಾಗ ಸ್ವಲ್ಪ ಕೊಟ್ಟು ಬರೆದಿಡುವುದು ಬೇರೆ. ‘ತೀರುವವರೆಗೆ ಬೇರೆ ಕಡೆ ಹೋಗಕೂಡದು’ ಎಂದು ಕಟ್ಟಿಹಾಕುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಅಪರಾಧ. ಅದರ ಬದಲು ಸಂತೆಯ ಹಿಂದಿನ ಸಂಜೆಯೇ ವಾರದ ಬಟವಾಡೆ ಮುಗಿಸಿ. ಅಡಿಕೆ ಮಾರುವ ಮಂಡಿಯಿಂದ ದುಡ್ಡು ಬರಲಿ ಎಂದು ಕಾಯಿಸುವ ಮನೆಗೆ ಜನ ಎರಡನೇ ವರ್ಷ ಬರುವುದಿಲ್ಲ.

ಪ್ರಶ್ನೆ: ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರಿಗೆ ಕಡಿಮೆ ಖರ್ಚಿನ ವಿಮೆ ಇದೆಯೇ?

ಉತ್ತರ: ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರು ತಮ್ಮ ಬ್ಯಾಂಕ್ ಖಾತೆಯಿಂದಲೇ ಮಾಡಿಸಬಹುದು. ಅಪಘಾತದಲ್ಲಿ ಸತ್ತರೆ ಇಲ್ಲವೇ ಪೂರ್ಣ ಅಂಗವಿಕಲರಾದರೆ 2 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 1 ಲಕ್ಷ. ಅವಧಿ ಜೂನ್ 1ರಿಂದ ಮೇ 31. ಹಣ ಕಡಿತವಾಗುವಾಗ ಖಾತೆ ಖಾಲಿ ಇದ್ದರೆ ವಿಮೆ ನಿಂತುಹೋಗುತ್ತದೆ, ಮೇ ತಿಂಗಳಲ್ಲೇ ನೆನಪಿಸಿ. ಆಸ್ಪತ್ರೆಯ ಖರ್ಚು ಇದರಲ್ಲಿ ಬರುವುದಿಲ್ಲ. ಹಾಗಾಗಿ ಮಳೆ ಬಿದ್ದ ದಿನ ಮರ ಒಣಗುವವರೆಗೆ ಹತ್ತಿಸಲೇಬೇಡಿ, ಆ ಅರ್ಧ ದಿನದ ಕೂಲಿಯನ್ನೂ ಹಿಡಿಯಬೇಡಿ. ಹಿಡಿದರೆ ಅವರು ಒದ್ದೆ ಮರವನ್ನೇ ಹತ್ತುತ್ತಾರೆ.